ಅನ್ನ ಬಿಟ್ಟು ಬರೀ ಮುದ್ದೆ ತಿಂದ್ರೂ ಅಪ್ಪನ ಶುಗರ್ ಇಳೀತಿಲ್ಲ, ಏನು ಮಾಡೋದು?

ರಾಗಿಹೊಲ_ಪಟ್ಣ · ನವೆಂಬರ್ 9

ಎಲ್ರಿಗೂ ನಮಸ್ಕಾರ. ನಾನು ಹಾಸನದಲ್ಲಿ ಕೆಲಸ ಮಾಡ್ತೀನಿ, ಅಪ್ಪ ಅಮ್ಮ ಚನ್ನರಾಯಪಟ್ಣದ ಹತ್ರ ಹಳ್ಳಿಲಿ ಇದಾರೆ. ಅಪ್ಪಂಗೆ 61 ವರ್ಷ, ಶುಗರ್ ಬಂದು ಆರು ವರ್ಷ ಆಯ್ತು. ಹೋದ ತಿಂಗಳು ಹಾಸನಾಂಬ ದರ್ಶನಕ್ಕೆ ಬಂದವರನ್ನ ಹಂಗೇ ಲ್ಯಾಬ್‌ಗೆ ಕರ್ಕೊಂಡೋಗಿ ರಕ್ತ ಕೊಡಿಸ್ದೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಸರಾಸರಿ ತೋರಿಸೋ ಟೆಸ್ಟು) 9.4 ಬಂತು, ಖಾಲಿ ಹೊಟ್ಟೇಲಿ 178, ಊಟ ಆಗಿ ಎರಡು ಗಂಟೆಗೆ 286. ನಂಗೆ ಅಲ್ಲೇ ಕಾಲು ನಡುಗೋಯ್ತು.

ನಂಗೆ ಅರ್ಥ ಆಗದೇ ಇರೋದು ಏನಂದ್ರೆ ಅಪ್ಪ ಪಥ್ಯ ಮಾಡ್ತಾರೆ. ಸುಳ್ಳು ಹೇಳೋ ಮನುಷ್ಯ ಅಲ್ಲ. ಅನ್ನ ಬಿಟ್ಟು ಒಂದು ವರ್ಷದ ಮೇಲಾಯ್ತು, ಸಕ್ಕರೆ ಮುಟ್ಟಲ್ಲ, ಟೀಗೂ ಬೆಲ್ಲನೇ. ಬೆಳಿಗ್ಗೆ ಒಂದು ದೊಡ್ಡ ಲೋಟ ರಾಗಿ ಗಂಜಿ, ಮಧ್ಯಾಹ್ನ ಎರಡು ಮುದ್ದೆ ಸಾರು, ರಾತ್ರಿ ಎರಡು ಮುದ್ದೆ ಸಾರು. ಮಾತ್ರೆ ಮೆಟ್‌ಫಾರ್ಮಿನ್ ಜತೆ ಗ್ಲಿಮೆಪಿರೈಡ್ ಸೇರಿರೋದು, ಬೆಳಿಗ್ಗೆ ಒಂದು ರಾತ್ರಿ ಒಂದು, ತಪ್ಪಿಸಲ್ಲ. ಮುದ್ದೆ ತಿಂದ್ರೆ ಶುಗರ್ ಕಂಟ್ರೋಲ್‌ಗೆ ಬರುತ್ತೆ ಅಂತ ಊರೆಲ್ಲ ಹೇಳುತ್ತೆ, ಮತ್ತೆ ಇವರಿಗ್ಯಾಕೆ ಇಳೀತಿಲ್ಲ? ಡಾಕ್ಟ್ರು ಇನ್ನೊಂದು ಮಾತ್ರೆ ಸೇರಿಸ್ಬೇಕಾಗುತ್ತೆ, ಒಂದು ತಿಂಗಳು ಊಟ ಸರಿ ಮಾಡ್ಕೊಂಡು ಬನ್ನಿ ನೋಡೋಣ ಅಂದ್ರು, ಆದ್ರೆ ಊಟ ಸರಿ ಮಾಡೋದು ಅಂದ್ರೆ ಏನು ಅಂತ ಹೇಳೋಕೆ ಅವರಿಗೆ ಪುರುಸೊತ್ತಿರಲಿಲ್ಲ, ಹೊರಗಡೆ ಐವತ್ತು ಜನ ಕೂತಿದ್ರು.

ಮೂಡಿಗೆರೆ_ಅಕ್ಕ · ನವೆಂಬರ್ 9

ತಮ್ಮ, ಗಾಬರಿ ಆಗ್ಬೇಡ. ನಂಗೂ 11 ವರ್ಷದಿಂದ ಇದೆ, 10.1 ಇದ್ದದ್ದು ಈಗ ಎರಡು ವರ್ಷದಿಂದ 6.8 ರಿಂದ 7.2 ಒಳಗೇ ಇದೆ. ಮೊದಲು ಒಂದು ಕೇಳ್ತೀನಿ, ಆ ಮುದ್ದೆ ಎಷ್ಟು ದೊಡ್ಡದು ಮಾರಾಯ? ನಿಮ್ಮ ಕಡೆ ಮುದ್ದೆ ನೋಡಿದೀನಿ ನಾನು, ನಮ್ಮ ದೊಡ್ಡಮ್ಮನ ಮಗಳನ್ನ ಶ್ರವಣಬೆಳಗೊಳದ ಕಡೆ ಕೊಟ್ಟಿರೋದು, ಅಲ್ಲಿ ತಟ್ಟೆಗೆ ಬಿದ್ರೆ ಸಾರು ಕಾಣಲ್ಲ. ಆ ಗಂಜಿಗೆ ಬೆಲ್ಲ ಹಾಕ್ತಾರಾ ಅದನ್ನೂ ಹೇಳು.

ರಾಗಿಹೊಲ_ಪಟ್ಣ · ನವೆಂಬರ್ 9

ಅಕ್ಕ, ಹೌದು ಬೆಲ್ಲ ಹಾಕ್ತಾರೆ, ಬೆಲ್ಲ ಒಳ್ಳೇದಲ್ವಾ. ಮುದ್ದೆ ಅಳತೆ ಕೇಳಿ ಹೇಳ್ತೀನಿ.

ಊಟದ_ಲೆಕ್ಕ · ನವೆಂಬರ್ 10

ನಾನು ಹಾಸನದಲ್ಲೇ ಡಯಟಿಷಿಯನ್ ಕೆಲಸ ಮಾಡ್ತೀನಿ. ನಿಮ್ಮ ತಂದೆಯವರನ್ನ ನೋಡ್ದೆ ಅವರ ಮಾತ್ರೆ ಬಗ್ಗೆ ನಾನೇನೂ ಹೇಳಲ್ಲ, ಊಟದ್ದು ಹೇಳ್ತೀನಿ.

ಬೆಲ್ಲ ಮೊದಲು ಮುಗಿಸಿಬಿಡ್ತೀನಿ. ಬೆಲ್ಲನೂ ಕಬ್ಬಿಂದೇ ಸಕ್ಕರೆನೂ ಕಬ್ಬಿಂದೇ, ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣದಂಶ ಅದೂ ಇದೂ ಇರುತ್ತೆ ನಿಜ, ಆದ್ರೆ ಅದರಲ್ಲಿ ಬಹುಪಾಲು ಅದೇ ಸಕ್ಕರೆ. ರಕ್ತಕ್ಕೆ ಹೋದ ಮೇಲೆ ಇದು ಕೆಂಪಗಿತ್ತು ಅದು ಬೆಳ್ಳಗಿತ್ತು ಅನ್ನೋ ವ್ಯತ್ಯಾಸ ಇಲ್ಲ. ಜೇನುತುಪ್ಪಕ್ಕೂ ಇದೇ ಮಾತು.

ಈಗ ರಾಗಿ. ರಾಗಿ ನಿಜವಾಗ್ಲೂ ಒಳ್ಳೆ ಧಾನ್ಯ. 100 ಗ್ರಾಂ ರಾಗೀಲಿ 11 ಗ್ರಾಂ ಹತ್ರ ನಾರು ಇದೆ, ಪಾಲಿಶ್ ಮಾಡಿದ ಅಕ್ಕೀಲಿ 3 ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ಅಂತೂ 300 ಮಿಲಿಗ್ರಾಂ ಮೇಲೆ. ಆದ್ರೆ ಪಿಷ್ಟ? ಅಕ್ಕೀಲಿ 78 ಗ್ರಾಂ ಇದ್ರೆ ರಾಗೀಲಿ ಹತ್ತತ್ರ 70 ಗ್ರಾಂ ಇರುತ್ತೆ. ಅಷ್ಟೇ ವ್ಯತ್ಯಾಸ. ಹೊಟ್ಟೆಗೆ ಹೋದ ಪಿಷ್ಟ ಎಲ್ಲಾ ಕೊನೆಗೆ ಗ್ಲೂಕೋಸೇ ಆಗೋದು. ಅದಕ್ಕೆ ಅನ್ನ ಬಿಟ್ಟು ಮುದ್ದೆ ಹಿಡಿದೆ ಅಂದ್ರೆ ಸಾಲದು, ಎಷ್ಟು ಹಿಟ್ಟು ಹೊಟ್ಟೆಗೆ ಹೋಗ್ತಿದೆ ಅಂತ ನೋಡ್ಬೇಕು. ಅಮ್ಮ ಮುದ್ದೆ ತಿರುವೋಕೆ ಮುಂಚೆ ಹಿಟ್ಟು ತೂಕ ಮಾಡಿಸಿ, ಅಂಗಡೀಲಿ ತಕ್ಕಡಿ ಇರುತ್ತಲ್ಲ ಅದರಲ್ಲೇ ಆಯ್ತು.

ಇನ್ನೊಂದು, ಗಂಜಿ ಮುದ್ದೆಗಿಂತ ಬೇಗ ಶುಗರ್ ಏರಿಸುತ್ತೆ. ನುಣ್ಣಗೆ ಬೀಸಿದ ಹಿಟ್ಟು, ತೆಳ್ಳಗೆ ಬೇಯಿಸಿರೋದು, ಅಗಿಯೋ ಕೆಲಸ ಇಲ್ಲ, ಹೊಟ್ಟೇಲಿ ನಿಲ್ಲೋದೂ ಇಲ್ಲ. ಮಾಲ್ಟ್ ಅಂತೂ ಮೊಳಕೆ ಕಟ್ಟಿ ಮಾಡಿರೋದು, ಅದರಲ್ಲಿ ಅರ್ಧ ಜೀರ್ಣ ಮೊದಲೇ ಆಗಿರುತ್ತೆ. ಹುಷಾರಿಲ್ಲದವರಿಗೆ, ಮಕ್ಕಳಿಗೆ ಅದು ಒಳ್ಳೇದು, ಅದೇ ಕಾರಣಕ್ಕೆ ಶುಗರ್ ಇರೋರಿಗೆ ಆಗಲ್ಲ.

ಕಡೂರು_ಮೇಷ್ಟ್ರು · ನವೆಂಬರ್ 10

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ತಾತ ಮೂರು ಮುದ್ದೆ ಉಣ್ತಿದ್ರು, 80 ದಾಟಿದ್ರು, ಶುಗರ್ ಅನ್ನೋ ಹೆಸರೇ ಗೊತ್ತಿರಲಿಲ್ಲ ಅಂತ ಎಲ್ಲರ ಮನೇಲೂ ಹೇಳ್ತಾರೆ, ನಾನೂ ಹೇಳ್ತಿದ್ದೆ. ಆದ್ರೆ ತಾತ ಬೆಳಕು ಹರಿಯೋ ಮುಂಚೆ ಆರು ಕಟ್ಟಿದ್ರೆ ಬಿಸಿಲೇರೋ ತನಕ ನೇಗಿಲ ಹಿಂದೇನೇ ನಡೀತಿದ್ರು, ಅಜ್ಜಿ ಬೀಸೋ ಕಲ್ಲಲ್ಲಿ ಬೀಸಿದ ಹಿಟ್ಟು ತರಿ ತರಿ ಇರ್ತಿತ್ತು. ಈಗ ಮಿಲ್‌ನಲ್ಲಿ ಪೌಡರ್ ಥರ ಬೀಸಿಸ್ಕೊಂಡು ಬಂದು ಅದನ್ನ ಮತ್ತೆ ಜರಡಿ ಹಿಡಿದು ಹೊಟ್ಟು ಬಿಸಾಕ್ತಾರೆ, ಉಳುಮೆ ಟ್ರಾಕ್ಟರ್‌ದು. ಮುದ್ದೆ ಮಾತ್ರ ತಾತನ ಅಳತೇದೇ ಉಳ್ಕೊಂಡಿದೆ. ನಾನು ಸ್ಕೂಲಿಂದ ರಿಟೈರ್ ಆದ ಎರಡನೇ ವರ್ಷಕ್ಕೇ ನಂಗೆ ಶುಗರ್ ಕಾಣಿಸ್ಕೊಂಡಿದ್ದು, ದಿನಾ ಸೈಕಲ್ ತುಳಿಯೋದು ನಿಂತೋಯ್ತು, ಊಟ ನಿಲ್ಲಲಿಲ್ಲ.

2023ರಲ್ಲಿ ಐಸಿಎಂಆರ್‌ನವರ (ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ದೊಡ್ಡ ಸರ್ವೆ ಬಂತಲ್ಲ, ದೇಶದಲ್ಲಿ 10 ಕೋಟಿ ಮೇಲೆ ಜನಕ್ಕೆ ಶುಗರ್ ಇದೆ, ಇನ್ನೂ 13 ಕೋಟಿ ಮೇಲೆ ಜನ ಶುಗರ್ ಬರೋ ಗಡೀಲಿ ನಿಂತಿದಾರೆ ಅಂತ. ಹಳ್ಳಿಗೆ ಬರಲ್ಲ ಅನ್ನೋ ಕಾಲ ಮುಗೀತು.

ಕೊಪ್ಪದ_ಬೇರು · ನವೆಂಬರ್ 10

ಇಷ್ಟೆಲ್ಲ ತೂಕ ಲೆಕ್ಕ ಯಾಕೆ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ, ಮಧುನಾಶಿನಿ ಎಲೆ ಎರಡು, ನೇರಳೆ ಬೀಜದ ಪುಡಿ, ರಾತ್ರಿ ನೆನೆಸಿದ ಮೆಂತ್ಯ. 48 ದಿನ ಮಾಡಿ. ಇಂಗ್ಲಿಷ್ ಮಾತ್ರೆ ನಿಧಾನಕ್ಕೆ ಬಿಡಿ, ಅದು ಕಿಡ್ನಿ ತಿನ್ನುತ್ತೆ. ನಮ್ಮ ಮಾವ ಹಂಗೇ ಮಾಡಿದ್ದು.

ಸ್ಟಾಫ್_ನರ್ಸ್_ಅರಸೀಕೆರೆ · ನವೆಂಬರ್ 10

ಕೊಪ್ಪದ ಅಣ್ಣ, ಹಾಗಲಕಾಯಿ ಪಲ್ಯ ತಿನ್ನಿ, ಮೆಂತ್ಯ ಹಾಕ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಮೆಂತ್ಯದಲ್ಲಿ ನಾರು ಜಾಸ್ತಿ, ಸ್ವಲ್ಪ ಉಪಯೋಗ ಆಗುತ್ತೆ ಅಂತ ಸಣ್ಣ ಸಣ್ಣ ಅಧ್ಯಯನಗಳೂ ಇವೆ. ಆದ್ರೆ ಮಾತ್ರೆ ಬಿಡಿ ಅಂತ ದಯವಿಟ್ಟು ಬರೀಬೇಡಿ. ಕಿಡ್ನಿ ಹಾಳಾಗೋದು ವರ್ಷಗಟ್ಟಲೆ ಏರಿರೋ ಶುಗರ್‌ನಿಂದ, ಆಮೇಲೆ ಬಿಪಿಯಿಂದ. ಮೊದಲೇ ಕಿಡ್ನಿ ವೀಕ್ ಆಗಿದ್ರೆ ಮೆಟ್‌ಫಾರ್ಮಿನ್ ಡೋಸ್ ಕಮ್ಮಿ ಮಾಡ್ತಾರೆ ಇಲ್ಲಾ ನಿಲ್ಲಿಸ್ತಾರೆ, ಅದನ್ನ ನೋಡಿ ಜನ ಮಾತ್ರೆನೇ ಕಿಡ್ನಿ ತಿಂತು ಅಂದ್ಕೊತಾರೆ. ಕಾಲಿನ ಗಾಯ ಮಾಗದೆ ಬಂದು ಬೆರಳು ಕಳ್ಕೊಂಡವರಿಗೆ ನಾನು ಡ್ರೆಸ್ಸಿಂಗ್ ಮಾಡಿದೀನಿ, ಅವರಲ್ಲಿ ಮಾತ್ರೆ ಬಿಟ್ಟು ಕಷಾಯ ಹಿಡಿದವರು ಒಬ್ಬಿಬ್ಬರಲ್ಲ. ಅದಕ್ಕೆ ಇಷ್ಟು ಕಟುವಾಗಿ ಹೇಳ್ತಿರೋದು, ಬೇಜಾರು ಮಾಡ್ಕೋಬೇಡಿ.

ರಾಗಿಹೊಲ_ಪಟ್ಣ · ನವೆಂಬರ್ 12

ಭಾನುವಾರ ಊರಿಗೆ ಹೋಗಿ ನಾನೇ ತೂಕ ಹಾಕ್ದೆ. ಒಂದು ಹೊತ್ತಿನ ಎರಡು ಮುದ್ದೆಗೆ 240 ಗ್ರಾಂ ಹಿಟ್ಟು. ಗಂಜಿಗೆ 40 ಗ್ರಾಂ ಹಿಟ್ಟು, ನಿಂಬೆಹಣ್ಣಿನ ಗಾತ್ರದ ಬೆಲ್ಲ. ಅಮ್ಮ ಪಕ್ಕದಲ್ಲಿ ನಿಂತು ನೋಡ್ತಿದ್ಲು, ಊಟಕ್ಕೆ ಯಾಕಪ್ಪ ತಕ್ಕಡಿ ಹಿಡಿತೀಯ, ದೃಷ್ಟಿ ಆಗುತ್ತೆ ಅಂತ ಬೈದ್ಲು.

ಊಟದ_ಲೆಕ್ಕ · ನವೆಂಬರ್ 12

ನೋಡಿ, 240 ಗ್ರಾಂ ರಾಗಿ ಹಿಟ್ಟು ಅಂದ್ರೆ 165 ಗ್ರಾಂ ಹತ್ರ ಪಿಷ್ಟ. ಅಂದ್ರೆ 210 ಗ್ರಾಂ ಅಕ್ಕಿಯ ಅನ್ನ ಉಂಡ ಹಾಗೇ ಆಯ್ತು, ಒಬ್ಬರೇ ಒಂದೇ ಹೊತ್ತಿಗೆ. ಸಾಮಾನ್ಯವಾಗಿ ಶುಗರ್ ಇರೋರಿಗೆ ನಾವು ಒಂದೂಟಕ್ಕೆ 45 ರಿಂದ 60 ಗ್ರಾಂ ಪಿಷ್ಟ ಅಂತ ಶುರು ಮಾಡ್ತೀವಿ, ಆಳು, ಕೆಲಸ ನೋಡ್ಕೊಂಡು ಹೆಚ್ಚು ಕಮ್ಮಿ ಮಾಡ್ತೀವಿ. ಹಂಗಾದ್ರೆ ಅಪ್ಪನ ಮುದ್ದೆ 70 ಗ್ರಾಂ ಹಿಟ್ಟಿಂದು, ಒಂದೇ ಒಂದು. ಒಂದೇ ದಿನ ಇಳಿಸಿದ್ರೆ ಅವರು ಸಂಜೆಗೆ ಎರಡು ಪ್ಯಾಕೆಟ್ ಬಿಸ್ಕತ್ ತಿಂತಾರೆ, ಅದು ನಂಗೆ ಗೊತ್ತು. ಅದಕ್ಕೆ ಮುದ್ದೆ ಇಳಿಸೋ ಮುಂಚೆ ಹೊಟ್ಟೆ ತುಂಬಿಸೋದು ಏನು ಅಂತ ಯೋಚನೆ ಮಾಡಿ.

ನಿಮ್ಮ ಮನೇಲಿ ಬಸ್ಸಾರು ಮಾಡ್ತಾರಲ್ಲ? ಸೊಪ್ಪು ಕಾಳು ಬೇಯಿಸಿ ಬಸಿದು, ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು, ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ನಮ್ಮ ಜಿಲ್ಲೆ ಊಟದಲ್ಲಿ ಶುಗರ್‌ಗೆ ಇದಕ್ಕಿಂತ ಒಳ್ಳೆ ಅಡಿಗೆ ನಂಗೆ ಗೊತ್ತಿಲ್ಲ, ಆದ್ರೆ ಮನೆಗಳಲ್ಲಿ ಏನಾಗುತ್ತೆ ಅಂದ್ರೆ ಸಾರಲ್ಲಿ ಮುದ್ದೆ ನುಂಗ್ತಾರೆ, ಪಲ್ಯ ಉಪ್ಪಿನಕಾಯಿ ಥರ ತಟ್ಟೆ ಅಂಚಲ್ಲಿ ಒಂದು ಚಮಚ ಇರುತ್ತೆ. ಇದನ್ನ ತಿರುಗಿಸಿ. ಮೊದಲು ಒಂದು ಬಟ್ಟಲು ತುಂಬ ಪಲ್ಯ, ಅದನ್ನ ಅಗಿದು ತಿಂದು ಮುಗಿಸಿ, ಆಮೇಲೆ ಮುದ್ದೆ. ನಾರು, ಪ್ರೋಟೀನ್ ಮೊದಲು ಹೋಗಿ ಪಿಷ್ಟ ಕೊನೆಗೆ ಹೋದ್ರೆ ಅದೇ ಊಟಕ್ಕೇ ಶುಗರ್ ಏರೋದು ಕಮ್ಮಿ ಅಂತ ಪರೀಕ್ಷೆ ಮಾಡಿ ನೋಡಿದಾರೆ. ಹುರುಳಿಕಾಳು ಸಾರಲ್ಲೂ ಅಷ್ಟೇ, ಬರೀ ಕಟ್ಟು ಕುಡಿದ್ರೆ ಪ್ರೋಟೀನ್ ಎಲ್ಲಿ ಬರುತ್ತೆ, ಕಾಳು ತಿನ್ನಿ.

ಆಲೂಗಡ್ಡೆನ ಪಲ್ಯದ ಲೆಕ್ಕಕ್ಕೆ ತಗೋಬೇಡಿ. ಹಾಸನದವರಿಗೆ ಇದು ಹೇಳೋಕೆ ನಂಗೇ ಸಂಕಟ, ಆದ್ರೆ ಅದು ಮುದ್ದೆ ಕಡೆಗೆ ಸೇರೋದು, ಸೊಪ್ಪಿನ ಕಡೆಗಲ್ಲ.

ಮೂಡಿಗೆರೆ_ಅಕ್ಕ · ನವೆಂಬರ್ 12

ಮೇಡಂ ಹೇಳಿದ್ದನ್ನೇ ನಾನು ರೊಟ್ಟಿಲಿ ಮಾಡಿದ್ದು. ನಮ್ಮಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ ಇಲ್ದೆ ಆಗಲ್ಲ, ಇಲ್ಲಾಂದ್ರೆ ಕಡುಬು. ಮೂರು ರೊಟ್ಟಿ ತಿಂತಿದ್ದೆ ಕಾಯಿ ಚಟ್ನಿ ಜತೆ. ಈಗ ಒಂದು ರೊಟ್ಟಿ, ಎರಡು ಮೊಟ್ಟೆ, ಬಟ್ಟಲು ತುಂಬ ಬೀನ್ಸೋ ಸೊಪ್ಪೋ ಏನಿದೆಯೋ ಅದು. ಕಾಫಿ ಹೇಳ್ಬೇಕು ನಾನು. ಕಾಫಿ ಕೊಯ್ಲಿನ ಟೈಮಲ್ಲಿ ದಿನಕ್ಕೆ ಐದು ಲೋಟ ಬೆಲ್ಲದ ಕಾಫಿ ಕುಡೀತಿದ್ದೆ, ಆಳುಗಳ ಜತೆ ಒಂದು, ಕಣದ ಹತ್ರ ಒಂದು, ಹಿಂಗೆ. ಒಂದು ಲೋಟಕ್ಕೆ 10 ಗ್ರಾಂ ಬೆಲ್ಲ ಅಂದ್ರೂ 50 ಗ್ರಾಂ ಆಯ್ತಲ್ಲ ಮಾರಾಯ್ರೆ, ಊಟದಲ್ಲಿ ಎಷ್ಟು ಪಥ್ಯ ಮಾಡಿ ಏನು ಬಂತು. ಮೊದಲು ಅರ್ಧ ಮಾಡಿದೆ, ಹದಿನೈದು ದಿನ ಬಿಟ್ಟು ಕಾಲು, ಆಮೇಲೆ ಪೂರ್ತಿ ಬಿಟ್ಟೆ. ಈಗ ಯಾರಾದ್ರೂ ಸಿಹಿ ಕಾಫಿ ಕೊಟ್ರೆ ಕಾಫಿ ರುಚಿನೇ ಗೊತ್ತಾಗಲ್ಲ ನಂಗೆ.

ಹಣ್ಣಲ್ಲಿ ನಮ್ಮ ತೋಟದ ಬಟರ್‌ಫ್ರೂಟ್‌ನಷ್ಟು ಕಮ್ಮಿ ಸಕ್ಕರೆ ಇರೋ ಹಣ್ಣು ಸಿಗೋದು ಕಷ್ಟ. ಜನ ಅದಕ್ಕೆ ಹಾಲು, ನಾಲ್ಕು ಚಮಚ ಸಕ್ಕರೆ ಹಾಕಿ ಜ್ಯೂಸ್ ಮಾಡ್ತಾರೆ. ನಾನು ನಿಂಬೆರಸ, ಉಪ್ಪು, ಮನೆ ಕಾಳುಮೆಣಸಿನ ಪುಡಿ ಹಾಕಿ ಚಮಚದಲ್ಲಿ ತಿಂತೀನಿ. ಕೊಬ್ಬು ಜಾಸ್ತಿ, ಅರ್ಧ ಹಣ್ಣು ಸಾಕು.

ಶಿರಾಡಿ_ಸ್ಟೇರಿಂಗ್ · ನವೆಂಬರ್ 13

ನಾನು ಸಕಲೇಶಪುರದವನು, ಲಾರಿ ಓಡಿಸ್ತೀನಿ, ಮಂಗಳೂರು ಲೈನು. ನಂದು ಫಾಸ್ಟಿಂಗ್ 114 ಬಂದಿದೆ, ವಯಸ್ಸು 38. ಗಡೀಲಿ ಇದೀಯ ಅಂದ್ರು, ಮಾತ್ರೆ ಕೊಟ್ಟಿಲ್ಲ. ಘಾಟಿಲಿ ಬ್ಲಾಕ್ ಆದ್ರೆ ಮಧ್ಯಾಹ್ನದ ಊಟ ಸಾಯಂಕಾಲ, ಹೋಟ್ಲಲ್ಲಿ ಸಿಗೋದು ಪರೋಟ ಇಲ್ಲಾ ಅನ್ನ. ಮನೆ ಊಟದವರಿಗೆ ಇದೆಲ್ಲ ಸರಿ, ನಮ್ಮಂಥವರು ಏನ್ ಮಾಡೋದು?

ಊಟದ_ಲೆಕ್ಕ · ನವೆಂಬರ್ 13

ಅಣ್ಣ, ನಿಮ್ಮಂಥವರಿಗೇ ಈಗ ಎಲ್ಲರಿಗಿಂತ ಹೆಚ್ಚು ದಾರಿ ಇರೋದು. ಫಾಸ್ಟಿಂಗ್ 100ರಿಂದ 125 ಗಡಿ, 126 ಆದ್ರೆ ಶುಗರ್ ಅಂತ ಲೆಕ್ಕ. ಅಮೆರಿಕದ ಒಂದು ದೊಡ್ಡ ಅಧ್ಯಯನ 2002ರಲ್ಲಿ ಬಂತು, ಗಡೀಲಿರೋರು ಮೈ ತೂಕದಲ್ಲಿ ನೂರಕ್ಕೆ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯೋ ಗುರಿ ಇಟ್ಕೊಂಡ್ರು, ಸಕ್ಕರೆ ಕಾಯಿಲೆಗೆ ಜಾರೋದು ಶೇಕಡ 58 ಕಮ್ಮಿ ಆಯ್ತು. ನೀವು 80 ಕೆಜಿ ಇದ್ರೆ ಐದಾರು ಕೆಜಿ, ಅಷ್ಟೇ.

ಲಾರೀಲಿ ಬೇಯಿಸಿದ ಮೊಟ್ಟೆ, ಹುರಿದ ಕಡ್ಲೆಕಾಯಿ ಬೀಜ, ಸೌತೆಕಾಯಿ, ಬೇಯಿಸಿದ ಕಡ್ಲೆಕಾಳು ಇಟ್ಕೊಳ್ಳಿ. ಬ್ಲಾಕ್ ಆದಾಗ ಅದನ್ನ ತಿಂದ್ರೆ ಹೋಟ್ಲಿಗೆ ಹಸ್ಕೊಂಡು ಹೋಗಲ್ಲ. ಹೋಟ್ಲಲ್ಲಿ ಅನ್ನ ಒಂದೇ ಸಲ, ಪಲ್ಯ ಮೀನು ಎರಡು ಸಲ ಹಾಕಿಸ್ಕೊಳ್ಳಿ. ಕೂಲ್‌ಡ್ರಿಂಕ್ಸ್ ಪೂರ್ತಿ ನಿಲ್ಲಿಸಿ, ಡ್ರೈವರ್‌ಗಳು ನಿದ್ದೆ ಬರಬಾರದು ಅಂತ ಕುಡಿಯೋ ಎನರ್ಜಿ ಡ್ರಿಂಕ್ ಅದಕ್ಕಿಂತ ಮೊದಲು ನಿಲ್ಲಿಸಿ.

ಬೇಲೂರು_ಬೇಕರಿ · ನವೆಂಬರ್ 14

ನಾನು ಬೇಕರಿಯವನು ಒಂದು ಮಾತು ಹೇಳ್ಬೇಕು ಅನ್ನಿಸ್ತು. ಹಾಸನ ಜಿಲ್ಲೆಯವರು ಬೇಕರಿ ಇಡದ ಊರಿಲ್ಲ, ನಮ್ಮ ಹೊಟ್ಟೆಪಾಡು ಅದು. ಆದ್ರೂ ಹೇಳ್ತೀನಿ, ಶುಗರ್‌ಲೆಸ್ ಬ್ರೆಡ್, ಶುಗರ್‌ಲೆಸ್ ರಸ್ಕ್ ಅಂತ ಕೇಳ್ಕೊಂಡು ಬರ್ತಾರೆ, ಒಂದು ಪ್ಯಾಕೆಟ್ ತಗೊಂಡ್ಹೋಗಿ ದಿನಕ್ಕೆ ಆರು ತಿಂತಾರೆ. ಸಕ್ಕರೆ ಹಾಕಿರಲ್ಲ ಅಷ್ಟೇ, ಮೈದಾ ಇದ್ದೇ ಇರುತ್ತೆ. ನಮ್ಮ ತಾಯಿಗೆ ಶುಗರ್ ಬಂದ ಮೇಲೆ ನಾನೇ ಅವರಿಗೆ ಅದನ್ನ ಕೊಡ್ತಿದ್ದೆ ಒಳ್ಳೇದು ಅಂದ್ಕೊಂಡು, ತುಂಬ ದಿನ ಕೊಟ್ಟೆ. ಗೋಧಿ ಬ್ರೆಡ್ ಅಂತ ಬಣ್ಣ ನೋಡಿ ತಗೋಬೇಡಿ, ಪ್ಯಾಕೆಟ್ ಹಿಂದೆ ಮೊದಲನೇ ಹೆಸರು ಏನಿದೆ ಓದಿ.

ರಾಗಿಹೊಲ_ಪಟ್ಣ · ನವೆಂಬರ್ 23

ಹತ್ತು ದಿನದ ಸುದ್ದಿ ಹೇಳ್ತೀನಿ. ಗ್ಲೂಕೋಮೀಟರ್ ತಗೊಂಡೆ. ಗಂಜಿ ನಿಲ್ಲಿಸಿ ಬೆಳಿಗ್ಗೆ ಎರಡು ಮೊಟ್ಟೆ, ಒಂದು ದೋಸೆ, ಅಮ್ಮ ಮಾಡೋ ಕಾಳಿನ ಉಸ್ಲಿ. ಮುದ್ದೆ ಮೊದಲ ನಾಲ್ಕು ದಿನ ಒಂದೂವರೆ, ಈಗ ಒಂದು ಸಣ್ಣದು. ಪಲ್ಯ ಮೊದಲು. ಅಪ್ಪ ಮೊದಲನೇ ದಿನ ತಟ್ಟೆ ನೋಡಿ ಇದೇನು ನನ್ನ ತಿಥಿ ಎಡೆಯೋ ಅಂದ್ರು, ನಂಗೆ ಕಣ್ಣಲ್ಲಿ ನೀರು ಬಂತು. ಅವರಿಗೆ ಊಟ ಅಂದ್ರೆ ಮುದ್ದೆ, ಮುದ್ದೆ ಕಿತ್ಕೊಂಡ್ರೆ ಗೌರವ ಕಿತ್ಕೊಂಡ ಹಾಗೆ ಅನ್ಸುತ್ತೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಈಗ ಅವರೆಕಾಯಿ ಶುರು ಆಗಿದೆ, ಸೊಗಡು ಅವರೆ ಬಸ್ಸಾರು ಮಾಡಿದ ದಿನ ಏನೂ ಮಾತಾಡ್ದೆ ಬಟ್ಟಲು ಖಾಲಿ ಮಾಡಿದ್ರು. ಊಟ ಆಗಿ ಎರಡು ಗಂಟೆಗೆ 286 ಇದ್ದದ್ದು ಈಗ 190, 174, ಒಂದಿನ 168.

ಒಂದಿನ ಮಾತ್ರ 297 ತೋರಿಸ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ.

ಮೂಡಿಗೆರೆ_ಅಕ್ಕ · ನವೆಂಬರ್ 23

ಕೈ ತೊಳ್ಕೊಂಡಿದ್ರಾ ಕೇಳು. ಕಳೆದ ಹಲಸಿನ ಕಾಲದಲ್ಲಿ ಮಕ್ಕಳಿಗೆ ತೊಳೆ ಬಿಡಿಸಿ ಕೊಟ್ಟು ಹಂಗೇ ಚುಚ್ಚಿ ನೋಡಿದೆ, 300 ಮೇಲೆ. ನಾನು ಒಂದು ತೊಳೆನೂ ತಿಂದಿರಲಿಲ್ಲ! ಸೋಪು ಹಾಕಿ ತೊಳೆದು ಒರೆಸಿ ಬೇರೆ ಬೆರಳಲ್ಲಿ ನೋಡಿದ್ರೆ 150. ಬೆರಳಲ್ಲಿದ್ದ ಹಣ್ಣಿನ ರಸನೂ ಮೀಟರ್ ಲೆಕ್ಕ ಹಾಕುತ್ತೆ. ಎರಡು ಗಂಟೆ ಅಂದ್ರೆ ಮೊದಲ ತುತ್ತು ಬಾಯಿಗೆ ಇಟ್ಟಾಗಿಂದ, ಕೈ ತೊಳೆದಾಗಿಂದ ಅಲ್ಲ.

ಕಡೂರು_ಮೇಷ್ಟ್ರು · ನವೆಂಬರ್ 24

ತಿಥಿ ಎಡೆ ಮಾತು ಓದಿ ಮನಸ್ಸು ಕಲಕಿತು. ನಿಮ್ಮ ತಂದೆಗೆ ಹೇಳಿ, ಊಟ ಆದ ಮೇಲೆ ಮಲಗೋ ಬದಲು ಹತ್ತು ಹದಿನೈದು ನಿಮಿಷ ಹೊಲದ ಬದು ಮೇಲೆ ಓಡಾಡ್ಲಿ. ನಾನು ಎರಡು ಬಗೆ ಮಾಡಿ ನೋಡಿದೆ ಮೀಟರ್ ಹಿಡ್ಕೊಂಡು, ಅದೇ ಊಟ, ಮಲಗಿದ ದಿನ 204, ನಡೆದ ದಿನ 161. ನಡೆದಾಗ ಕಾಲಿನ ಸ್ನಾಯು ರಕ್ತದಲ್ಲಿರೋ ಸಕ್ಕರೆನ ಎಳ್ಕೊಳ್ಳುತ್ತೆ. ಚಪ್ಪಲಿ ಹಾಕ್ಕೊಂಡು ನಡೀಲಿ, ಬರಿಗಾಲು ಬೇಡ.

ರಾಗಿಹೊಲ_ಪಟ್ಣ · ಡಿಸೆಂಬರ್ 6

ನಿನ್ನೆ ತುಂಬ ಭಯ ಆಯ್ತು, ಅದಕ್ಕೆ ಬರೀತಿದೀನಿ. ರಾಗಿ ಕೊಯ್ಲು ನಡೀತಿದೆ ಊರಲ್ಲಿ. ಅಪ್ಪ ಬೆಳಿಗ್ಗೆ ಮಾತ್ರೆ ನುಂಗಿ ಒಂದು ದೋಸೆ ತಿಂದು ಹೊಲಕ್ಕೆ ಹೋಗಿದಾರೆ, ಆಳು ಬಂದಿಲ್ಲ ಅಂತ ತಾವೇ ಹೊರೆ ಹೊತ್ತಿದಾರೆ, ಮಧ್ಯಾಹ್ನದ ಊಟ ಮೂರು ಗಂಟೆ ಆದ್ರೂ ಮಾಡಿಲ್ಲ. ಮೆದೆ ಹತ್ರ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿ ಕೂತುಬಿಟ್ರಂತೆ. ಕುಡಿದಿದಾರೇನೋ ಅಂದ್ಕೊಂಡ್ರಂತೆ ಪಕ್ಕದ ಹೊಲದವರು, ಅಪ್ಪ ಜೀವಮಾನದಲ್ಲಿ ಕುಡಿದವರಲ್ಲ. ಅಮ್ಮ ಮೀಟರ್ ಕಲ್ತಿದ್ಲು, ನೋಡಿದ್ರೆ 58. ನಂಗೆ ಫೋನ್ ಮಾಡಿದ್ಲು, ಸಕ್ಕರೆ ನೀರು ಕುಡ್ಸು ಅಂದೆ, ಈಗ ಚೆನ್ನಾಗಿದಾರೆ. ನಾನು ಮಾಡಿದ್ದೇ ತಪ್ಪಾಯ್ತಾ? ಮುದ್ದೆ ಕಮ್ಮಿ ಮಾಡಿಸಿದ್ದು ನಾನೇ.

ಸ್ಟಾಫ್_ನರ್ಸ್_ಅರಸೀಕೆರೆ · ಡಿಸೆಂಬರ್ 6

ಅಮ್ಮ ಸರಿಯಾಗಿ ಮಾಡಿದಾರೆ, ಅವರಿಗೆ ನನ್ನ ನಮಸ್ಕಾರ ಹೇಳಿ. ಮುದ್ದೆ ಕಮ್ಮಿ ಮಾಡಿದ್ದು ತಪ್ಪಲ್ಲ, ಹಳೇ ಊಟಕ್ಕೆ ಅಂತ ಕೊಟ್ಟಿದ್ದ ಮಾತ್ರೆ ಹೊಸ ಊಟಕ್ಕೂ ಹಂಗೇ ಮುಂದುವರೆದಿದ್ದು ತೊಂದರೆ. ಗ್ಲಿಮೆಪಿರೈಡ್ ನೀವು ಉಂಡಿದೀರಾ ಇಲ್ವಾ ಅಂತ ಕೇಳಲ್ಲ, ಇನ್ಸುಲಿನ್ ಬಿಡಿಸ್ತಾನೇ ಇರುತ್ತೆ. ಊಟ ಕಮ್ಮಿ, ಹೊರೆ ಹೊರೋ ಕೆಲಸ, ಮಧ್ಯಾಹ್ನದ ಊಟ ತಪ್ಪಿದೆ, ಇಳಿದೇ ಇಳಿಯುತ್ತೆ. ಮೆಟ್‌ಫಾರ್ಮಿನ್ ಒಂದನ್ನೇ ತಗೊಳೋರಿಗೆ ಹಿಂಗಾಗೋದು ಅಪರೂಪ.

ಎಲ್ಲರೂ ಇದನ್ನ ಬರ್ಕೊಂಡು ಗೋಡೆಗೆ ಅಂಟಿಸಿ. 70ಕ್ಕಿಂತ ಕೆಳಗೆ ಬಂದ್ರೆ ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ತಕ್ಷಣ. ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ, ಇನ್ನೂ ಕೆಳಗಿದ್ರೆ ಮತ್ತೆ ಅಷ್ಟೇ ಕೊಡಿ. ಸರಿ ಆದ ಮೇಲೆ ಊಟ ಹಾಕಿ, ಇಲ್ಲಾಂದ್ರೆ ಮತ್ತೆ ಇಳಿಯುತ್ತೆ, ಈ ಮಾತ್ರೆ ತಗೊಂಡವರಲ್ಲಿ ಅಂತೂ ಅವತ್ತೆಲ್ಲ ಗಮನ ಇಟ್ಟಿರಿ. ಚಾಕೊಲೇಟ್, ಹಾಲು ಕೊಡೋಕೆ ಹೋಗ್ಬೇಡಿ, ಕೊಬ್ಬಿದ್ರೆ ನಿಧಾನ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಮೀಟರ್ ಇಲ್ಲಾಂದ್ರೂ ಬೆವರು ನಡುಕ ಇದ್ರೆ ಮೊದಲು ಸಕ್ಕರೆ ಕೊಡಿ, ಆಮೇಲೆ ಯೋಚನೆ.

ನಾಳೆನೇ ಮೀಟರ್ ರೀಡಿಂಗ್ ಎಲ್ಲಾ ಬರ್ಕೊಂಡು ಡಾಕ್ಟ್ರ ಹತ್ರ ಹೋಗಿ. ನೀವಾಗೇ ಮಾತ್ರೆ ಅರ್ಧ ಮುರಿಯೋದು ಬೇಡ.

ಊಟದ_ಲೆಕ್ಕ · ಡಿಸೆಂಬರ್ 6

ಇದನ್ನ ನಾನು ಮೊದಲನೇ ದಿನವೇ ಹೇಳ್ಬೇಕಿತ್ತು. ಮಾತ್ರೆ ಬಗ್ಗೆ ಹೇಳಲ್ಲ ಅಂತ ಅಂದುಬಿಟ್ಟು ಊಟ ಇಳಿಸೋ ಮುಂಚೆ ಡಾಕ್ಟ್ರಿಗೆ ತಿಳಿಸಿ ಅಂತ ಬರೀಲಿಲ್ಲ. ನನ್ನಿಂದ ಆದ ತಪ್ಪು, ಕ್ಷಮಿಸಿ. ಗ್ಲಿಮೆಪಿರೈಡ್ ಆಗ್ಲಿ ಇನ್ಸುಲಿನ್ ಆಗ್ಲಿ ತಗೊಳ್ಳೋರು ಮುದ್ದೆ, ಅನ್ನ ಏಕದಂ ಕಮ್ಮಿ ಮಾಡೋ ಮುಂಚೆ ಕೇಳಿ. ಕೊಯ್ಲಿನ ದಿನಕ್ಕೂ ಜಗಲಿ ಮೇಲೆ ಕೂರೋ ದಿನಕ್ಕೂ ಒಂದೇ ಅಳತೆ ಊಟ ಇರ್ಬಾರದು, ಹೊರೆ ಹೊರೋ ದಿನ ಮುದ್ದೆ ಸ್ವಲ್ಪ ದೊಡ್ಡದೇ ಇರ್ಲಿ, ಮಧ್ಯೆ ಏನಾದ್ರೂ ತಿನ್ಲಿ, ಜೇಬಲ್ಲಿ ಸಕ್ಕರೆ ಪೊಟ್ಟಣ ಇರ್ಲಿ.

ಕೊಪ್ಪದ_ಬೇರು · ಡಿಸೆಂಬರ್ 7

ಓದಿ ಗಾಬರಿ ಆಯ್ತು. ನಮ್ಮ ಮಾವಂಗೂ ಎರಡು ಸಲ ಹಿಂಗೇ ಆಗಿತ್ತು, ಕಷಾಯದ ಜತೆ ಮಾತ್ರೆನೂ ಅರ್ಧಂಬರ್ಧ ತಗೋತಿದ್ರು, ನಾವು ಪಿತ್ತ ಅಂದ್ಕೊಂಡು ಶುಂಠಿ ರಸ ಕೊಟ್ವಿ. ನಾಳೆ ಅವರ ಮನೆಗೆ ಹೋಗ್ತೀನಿ. ಎಚ್‌ಬಿಎ1ಸಿ ಅನ್ನೋದು ಅವರು ಯಾವತ್ತೂ ಮಾಡಿಸಿದ್ದು ನಂಗೆ ನೆನಪಿಲ್ಲ, ಅದನ್ನ ಎಲ್ಲಿ ಬೇಕಾದ್ರೂ ಮಾಡ್ತಾರಾ?

ಸ್ಟಾಫ್_ನರ್ಸ್_ಅರಸೀಕೆರೆ · ಡಿಸೆಂಬರ್ 7

ಮಾಡ್ತಾರೆ ಅಣ್ಣ, ಉಪವಾಸ ಇರೋ ಅಗತ್ಯನೂ ಇಲ್ಲ, ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತೆ. ರಕ್ತ ಕಮ್ಮಿ ಇರೋರಲ್ಲಿ ಅದು ಸ್ವಲ್ಪ ತಪ್ಪು ತೋರಿಸಬಹುದು, ಅದಕ್ಕೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಜತೆಗೆ ಕಿಡ್ನಿಗೆ ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಕಣ್ಣಿನ ಹಿಂಪದರ, ಇವು ವರ್ಷಕ್ಕೊಂದು ಸಲ. ಮಾವನವರ ಪಾದ ನೀವೇ ಕೈಲಿ ಹಿಡಿದು ನೋಡಿ.

ರಾಗಿಹೊಲ_ಪಟ್ಣ · ಡಿಸೆಂಬರ್ 10

ಡಾಕ್ಟ್ರು ರೀಡಿಂಗ್ ಪುಸ್ತಕ ಪೂರ್ತಿ ನೋಡಿದ್ರು ಈ ಸಲ. ಹೊಸ ಮಾತ್ರೆ ಸೇರಿಸಲಿಲ್ಲ. ರಾತ್ರೀದು ಗ್ಲಿಮೆಪಿರೈಡ್ ತೆಗೆದು ಬರೀ ಮೆಟ್‌ಫಾರ್ಮಿನ್ ಕೊಟ್ರು, ಬೆಳಿಗ್ಗೆದರ ಡೋಸ್ ಅರ್ಧ. ಎಚ್‌ಬಿಎ1ಸಿ ಜನವರಿ ಕೊನೇಲಿ ಮಾಡ್ಸಿ ಅಂದ್ರು, ಈಗ ಮಾಡಿದ್ರೆ ಹಳೇ ಶುಗರೇ ಜಾಸ್ತಿ ಕಾಣುತ್ತಂತೆ.

ಶಿರಾಡಿ_ಸ್ಟೇರಿಂಗ್ · ಜನವರಿ 4

ನಂದು 3 ಕೆಜಿ ಇಳಿದಿದೆ. ಕ್ಲೀನರ್ ಹುಡುಗನೂ ಮೊಟ್ಟೆ ಕೇಳ್ತಾನೆ ಈಗ, ದಿನಾ ಎಂಟು ಬೇಯಿಸ್ಕೊಂಡು ಹೊರಡ್ತೀನಿ.

ಕಡೂರು_ಮೇಷ್ಟ್ರು · ಜನವರಿ 13

ಸಂಕ್ರಾಂತಿಗೆ ಯಾರೂ ಮನಸ್ಸು ಸಣ್ಣ ಮಾಡ್ಕೋಬೇಡಿ. ನಾನು ಎಳ್ಳು ಬೆಲ್ಲ ಬೀರೋಕೆ ಬಂದ ಮಕ್ಕಳ ಕೈಯಿಂದ ಒಂದು ಚಮಚ ತಗೊಂಡು ಅವರ ಮುಂದೇನೇ ಬಾಯಿಗೆ ಹಾಕ್ಕೊತೀನಿ, ಉಳಿದದ್ದು ಡಬ್ಬಿಗೆ. ಎಳ್ಳು, ಕಡ್ಲೆಕಾಯಿ ಬೀಜ, ಕೊಬ್ಬರಿ ಇರೋದ್ರಿಂದ ಬರೀ ಸಕ್ಕರೆ ಅಚ್ಚು ತಿಂದಷ್ಟು ಜೋರಾಗಿ ಏರಲ್ಲ. ಪೊಂಗಲ್ ಮಾತ್ರ ಒಂದೇ ಚಮಚ.

ರಾಗಿಹೊಲ_ಪಟ್ಣ · ಜನವರಿ 29

ರಿಪೋರ್ಟ್ ಬಂತು. 9.4 ಇದ್ದದ್ದು 7.6. ಅಪ್ಪ ಪೇಪರ್‌ನ ಮಡಚಿ ಜೇಬಲ್ಲಿ ಇಟ್ಕೊಂಡಿದಾರೆ, ಪಟ್ಣದ ಸಂತೇಲಿ ಸಿಕ್ಕವರಿಗೆಲ್ಲ ತೋರಿಸ್ತಿದಾರಂತೆ. ಡಿಸೆಂಬರ್ 5 ಆದ ಮೇಲೆ 70ರ ಕೆಳಗೆ ಒಂದು ಸಲನೂ ಬಂದಿಲ್ಲ. ನಿಮ್ಮೆಲ್ಲರ ಕಾಲಿಗೆ ಬೀಳ್ಬೇಕು ನಾನು.

ಇನ್ನೊಂದು ವಿಷಯ ಕೇಳ್ಬೇಕು. ಸ್ಟ್ರಿಪ್ ಉಳಿದಿತ್ತು ಅಂತ ಮೊನ್ನೆ ಬೆಳಿಗ್ಗೆ ಅಮ್ಮಂಗೂ ಚುಚ್ಚಿ ನೋಡ್ದೆ, ಖಾಲಿ ಹೊಟ್ಟೇಲಿ 121 ಬಂತು, ನಿನ್ನೆ 118. ಅಮ್ಮ ದಪ್ಪ ಇಲ್ಲ, ಸಿಹಿ ತಿನ್ನಲ್ಲ. ಏನು ತಿಂತೀಯಮ್ಮ ಅಂತ ಕೇಳ್ದೆ, ಏನೋ ಉಳಿದದ್ದು ಅಂದ್ಲು. ಆಮೇಲೆ ಗೊತ್ತಾಯ್ತು, ನಾವೆಲ್ಲ ಈಗ ಪಲ್ಯ ಬಟ್ಟಲು ತುಂಬ ತಿಂತೀವಲ್ಲ, ಅಮ್ಮ ಕೂರೋ ಹೊತ್ತಿಗೆ ಪಾತ್ರೇಲಿ ಪಲ್ಯ ಇರಲ್ಲ. ಮುದ್ದೆ, ತಳದ ಸಾರು ಇರುತ್ತೆ. ಮೂರು ತಿಂಗಳಿಂದ ಹಿಂಗೇ ಉಣ್ತಿದಾಳೆ, ನಾನು ಒಂದು ಸಲನೂ ನೋಡ್ಲಿಲ್ಲ.

ಮೂಡಿಗೆರೆ_ಅಕ್ಕ · ಜನವರಿ 29

ಅಮ್ಮನ್ನ ಲ್ಯಾಬ್‌ಗೆ ಕರ್ಕೊಂಡೋಗು, ಮೀಟರ್ ಸಾಲದು ಇದಕ್ಕೆ. ನಾಳೆ ಸೊಪ್ಪು ಇನ್ನೆರಡು ಕಂತೆ ಜಾಸ್ತಿ ತಗೊಂಡೋಗಿ ಕೊಡು. ಪಲ್ಯ ಒಲೆಯಿಂದ ಇಳಿಸಿದ ತಕ್ಷಣ ಮೊದಲ ಬಟ್ಟಲು ಅಮ್ಮಂದು ಎತ್ತಿಟ್ಟುಬಿಡು ತಮ್ಮ, ಆಮೇಲೆ ಅಪ್ಪಂಗೆ ಬಡಿಸ್ಲಿ.